ಹದಿನೇಳು ಸುತ್ತಿನ ನೀರು

ಊರಿನಲ್ಲಿ ಎಲ್ಲರೂ ಅವನನ್ನು ನಲ್ಲಿಮಾವ ಎಂದು ಕರೆಯುತ್ತಿದ್ದರು. ಅವನು ನಿಜವಾಗಿ ಮಾವನಾಗಿದ್ದುದು ಹೆಂಡತಿಯ ಅಣ್ಣನ ಮಕ್ಕಳಿಗೆ ಮಾತ್ರ. ಆ ಮಕ್ಕಳು ಕರೆದದ್ದು ಬೀದಿಗೆ ಅಂಟಿತು, ಬೀದಿಯಿಂದ ಊರಿಗೆ ಅಂಟಿತು. ಕೊನೆಗೆ ಅವನಿಗಿಂತ ಹತ್ತು ವರ್ಷ ದೊಡ್ಡವನಾದ ಕ್ಷೌರಿಕನೂ "ಬಾ ನಲ್ಲಿಮಾವ, ಕೂತ್ಕೋ" ಎನ್ನುವಂತಾಯಿತು.

ನಗರಸಭೆಯಲ್ಲಿ ಅವನು ನೀರುಗಂಟಿ. ಬೆಳಿಗ್ಗೆ ನೀರು ಬಿಡುವುದು, ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು, ನಡುವೆ ಎಲ್ಲಿ ಸೋರಿದರೂ ಹೋಗಿ ಮಣ್ಣು ಅಗೆದು ಸರಿಮಾಡುವುದು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಅಂಗೈಯಲ್ಲಿ ಎಂದೂ ಹೋಗದ ಗ್ರೀಸಿನ ಕರಿ. ಅವನಿಗೆ ಬೀಡಿಯ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ. ಇದ್ದದ್ದು ಒಂದೇ ಚಟ, 'ಯಾಕೆ' ಎಂದು ಕೇಳುವುದು. ಗಡಿಯಾರ ನಿಂತರೆ ಯಾಕೆ ನಿಂತಿತು ಎಂದು ಬಿಚ್ಚಿ ಕೂರುವನು. ಎದುರುಮನೆಯವರು ಜಗಳವಾಡಿದರೆ ಯಾಕೆ ಎಂದು ವಿಚಾರಿಸುವನು, ರಾಜಿಯಾದರೆ ಅದು ಯಾಕೆ ಎಂದೂ ವಿಚಾರಿಸುವನು. "ನಿಮ್ಮ ಬಾಯಲ್ಲಿ ಹಲ್ಲಿಗಿಂತ ಯಾಕೆಗಳೇ ಜಾಸ್ತಿ" ಎಂದು ಹೆಂಡತಿ ಹೊಲಿಗೆ ಯಂತ್ರದ ಮುಂದಿನಿಂದಲೇ ಗದರುತ್ತಿದ್ದಳು. ಗಣಿತದ ಟೀಚರಾಗಿದ್ದ ಮಗಳು ಮಾತ್ರ ಅಪ್ಪನ ಪರ.

ಆ ಊರಿನ ನೀರಿನ ಏರ್ಪಾಡು ವಿಚಿತ್ರವಾಗಿತ್ತು. ನದಿ ಕೆಳಗೆ, ಪಂಪ್‌ಹೌಸ್ ಕೆಳಗೆ, ಕರೆಂಟು ಕೆಳಗೆ. ಟ್ಯಾಂಕ್ ಮಾತ್ರ ಗುಡ್ಡದ ನೆತ್ತಿಯ ಮೇಲೆ. ಪಂಪು ನೀರನ್ನು ಮೇಲಕ್ಕೆ ತಳ್ಳುತ್ತಿತ್ತು, ಮೇಲಿನಿಂದ ನೀರು ತಾನಾಗಿಯೇ ಇಳಿದು ಬರುತ್ತಿತ್ತು. ಗುಡ್ಡದ ಅರ್ಧದಲ್ಲಿ, ದಾರಿ ತಿರುಗುವ ಕಡೆ, ಒಂದು ಕಾಂಕ್ರೀಟಿನ ಗುಂಡಿಯಲ್ಲಿ ಎರಡು ವಾಲ್ವುಗಳಿದ್ದವು. ಬೆಳಿಗ್ಗೆ ಒಂದನ್ನು ತೆರೆದರೆ ನೀರು ಊರಿಗೆ. ಸಂಜೆ ಅದನ್ನು ಮುಚ್ಚಿ ಇನ್ನೊಂದನ್ನು ತೆರೆದರೆ ಗುಡ್ಡದ ಮಗ್ಗುಲಿನ ಎರಡು ಹಳ್ಳಿಗಳಿಗೆ. ತಿರುಗಿಸಲು ಆಳೆತ್ತರದ ಕಬ್ಬಿಣದ ಕೀಲಿ, ತುದಿಯಲ್ಲಿ ಎರಡು ಕೈಗೂ ಹಿಡಿಯಾಗುವ ಅಡ್ಡಪಟ್ಟಿ.

ಸರ್ಕಾರಕ್ಕೂ ಬಂಡುಕೋರರಿಗೂ ಕಾಳಗ ಹತ್ತಿಕೊಂಡ ಮೇಲೆ ಗುಡ್ಡ ಬಂಡುಕೋರರ ಕೈಗೆ ಹೋಯಿತು, ಊರು ಸೈನ್ಯದ ಕೈಯಲ್ಲಿ ಉಳಿಯಿತು. ಜನ ಯಾರ ಹೆಸರನ್ನೂ ಗಟ್ಟಿಯಾಗಿ ಹೇಳದೆ 'ಮೇಲಿನವರು', 'ಕೆಳಗಿನವರು' ಎನ್ನತೊಡಗಿದರು. ವಾಲ್ವಿನ ಗುಂಡಿ ಇಬ್ಬರಿಗೂ ಸೇರದೆ ನಡುವೆ ಉಳಿಯಿತು. ಊರಿಗೆ ಬಂದ ಯುದ್ಧ ನೀರಿಗೆ ಬಾರದೆ ಇದ್ದೀತೇ? ಮೂರು ವರ್ಷ ನೀರು ಹೇಗೋ ನಡೆಯಿತು, ನಾಲ್ಕನೆಯ ವರ್ಷ ಒಂದು ಶೆಲ್ ಬಿದ್ದು ಕೊಳವೆ ಒಡೆಯಿತು. ಆರು ದಿನ ಮೇಲೂ ನೀರಿಲ್ಲ, ಕೆಳಗೂ ನೀರಿಲ್ಲ.

ಏಳನೆಯ ದಿನ ಬೆಳಗಾಗುತ್ತಲೇ ನಲ್ಲಿಮಾವ ಕೀಲಿಯನ್ನು ಹೆಗಲ ಮೇಲೆ ಹೊತ್ತು ಹೊರಟ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ನಿಮಗೇನು ತಲೆ ಕೆಟ್ಟಿದೆಯಾ? ಬಿಳಿ ಬಟ್ಟೆನಾದ್ರೂ ಕಟ್ಟಿಕೊಳ್ಳಿ."

"ಬಿಳಿ ಬಟ್ಟೆ ಅಂದ್ರೆ ಸೋತೆ ಅಂತ. ನಾನ್ಯಾಕೆ ಸೋಲಲಿ? ನಾನು ನೀರು ಬಿಡೋಕೆ ಹೋಗ್ತಿದ್ದೀನಿ" ಎಂದು ಅವನು ಅವಳ ಪಕ್ಕದಿಂದ ನುಸುಳಿದ.

ದಾರಿಯುದ್ದಕ್ಕೂ ಕೀಲಿಯಿಂದ ಕೊಳವೆಯ ಮೇಲೆ ಬಡಿಯುತ್ತ ಹೋದ, ಮೂರು ಹೆಜ್ಜೆಗೊಂದು ಪೆಟ್ಟು. ಕದ್ದು ಬರುವವನು ಸದ್ದು ಮಾಡುವುದಿಲ್ಲ ಎಂದು ಎರಡೂ ಕಡೆಯವರಿಗೆ ತಿಳಿಯಲಿ ಎಂಬುದು ಅವನ ಲೆಕ್ಕ. ತಿರುವಿನ ಹತ್ತಿರ ಬಂದಾಗ ಒಂದು ಗುಂಡು ಸಿಡಿದು ಹತ್ತು ಮಾರು ಆಚೆ ಧೂಳೆದ್ದಿತು. ಹೆದರಿಕೆಗಿಂತ ಮೊದಲು ಅವನಿಗೆ ಸಿಟ್ಟು ಬಂತು.

"ನೀರು ಬೇಡ್ವಾ ನಿಮಗೆ? ಬೇಡ ಅಂದ್ರೆ ಹೇಳಿಬಿಡಿ, ವಾಪಸ್ ಹೋಗ್ತೀನಿ!" ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದ.

ಬೇಡ ಎಂದು ಯಾರೂ ಹೇಳಲಿಲ್ಲ. ಮೇಲೆ ಯಾರೋ ಕೆಮ್ಮಿದರು, ಅಷ್ಟೇ. ಅವನು ಚೀಲದಿಂದ ಕಬ್ಬಿಣದ ಪಟ್ಟಿ ತೆಗೆದು ಒಡೆದ ಕೊಳವೆಗೆ ಬಿಗಿದು, ವಾಲ್ವು ತಿರುಗಿಸಿ, ಮತ್ತೆ ಬಡಿಯುತ್ತ ಇಳಿದು ಬಂದ. ಮರುದಿನವೂ ಹೋದ. ಹೀಗೆ ಏಳು ವರ್ಷ, ದಿನಕ್ಕೆ ಎರಡು ಸಲ. ಬಡಿತ ಕೇಳಿದರೆ ಎರಡೂ ಕಡೆಯ ಬಂದೂಕು ಸುಮ್ಮನಾಗುತ್ತಿದ್ದವು, ಅವನು ಇಳಿದ ಮೇಲೆ ಮತ್ತೆ ಶುರುವಾಗುತ್ತಿದ್ದವು. ಇಂಥದ್ದೊಂದು ಕರಾರಿದೆ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಒಮ್ಮೊಮ್ಮೆ ಗುಂಡಿಯ ಮುಚ್ಚಳದ ಮೇಲೆ ಕಲ್ಲಿನಡಿ ಒಂದು ಚೀಟಿ ಇರುತ್ತಿತ್ತು: 'ನಿನ್ನೆ ಸಂಜೆ ನೀರು ಕೆಂಪಗೆ ಬಂತು, ನೋಡಿ.' ಅವನು ನೋಡುತ್ತಿದ್ದ. ಬಂದೂಕು ಹಿಡಿದವರಾದರೇನು, ನೀರು ಸರಿಯಿಲ್ಲದಿದ್ದರೆ ಎಲ್ಲರೂ ಒಂದೇ ಥರ ಗೊಣಗುತ್ತಾರೆ ಎಂದು ಅವನಿಗೆ ಗೊತ್ತಾಗಿತ್ತು.

ಹನ್ನೊಂದನೆಯ ವರ್ಷ ಸಂಧಾನ ಶುರುವಾಯಿತು. ಮೂವತ್ತು ಮೈಲಿ ದೂರದ ಪಟ್ಟಣದಲ್ಲಿ, ಮುಚ್ಚಿಹೋಗಿದ್ದ ಒಂದು ತರಬೇತಿ ಕೇಂದ್ರದ ಸಭಾಂಗಣದಲ್ಲಿ ಎರಡು ಕಡೆಯವರೂ ಎದುರುಬದುರು ಕೂತರು. ನಡುವೆ ಕೂತು ನಡೆಸಿಕೊಡಲು ನಿವೃತ್ತ ನ್ಯಾಯಾಧೀಶೆಯೊಬ್ಬರು. ಎಲ್ಲರೂ ಅವರನ್ನು ಜಡ್ಜಮ್ಮ ಎನ್ನುತ್ತಿದ್ದರು. ಮೂರು ತಿಂಗಳಾದರೂ ಮೊದಲ ಪುಟ ದಾಟಲಿಲ್ಲ. 'ಕದನವಿರಾಮ' ಎಂದು ಬರೆದರೆ ನಡೆದದ್ದು ಕದನ ಎಂದು ಒಪ್ಪಿದಂತಾಗುತ್ತದೆ, ಅದು ಬರೀ ಗಲಭೆ ಎಂದು ಸರ್ಕಾರ. ಗಲಭೆ ಎಂದರೆ ನಾವು ಪುಂಡರಾದೆವು ಎಂದು ಮೇಲಿನವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆಗ ಯಾರೋ ಜಡ್ಜಮ್ಮನ ಕಿವಿಗೆ ಹಾಕಿದರು: ಒಂದು ಗುಡ್ಡದ ತಿರುವಿನಲ್ಲಿ ದಿನಕ್ಕೆ ಎರಡು ಹೊತ್ತು, ಏಳು ವರ್ಷದಿಂದ, ಒಂದೂ ಗುಂಡು ಹಾರಿಲ್ಲವಂತೆ.

ನಲ್ಲಿಮಾವನನ್ನು ಕರೆಸಲು ಜೀಪು ಬಂತು. ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, "ಅಲ್ಲಿ ಹೋಗಿ ನೀವೇ ಅವರಿಗೆ ಪ್ರಶ್ನೆ ಕೇಳೋಕೆ ಶುರು ಮಾಡಬೇಡಿ" ಎಂದು ಎರಡು ಸಲ ಹೇಳಿ ಕಳಿಸಿದಳು.

ಸಭಾಂಗಣಕ್ಕೆ ಎರಡು ಬಾಗಿಲು. ಒಬ್ಬರು ಬಂದ ಬಾಗಿಲಿನಿಂದ ಇನ್ನೊಬ್ಬರು ಬರುತ್ತಿರಲಿಲ್ಲ. ನಲ್ಲಿಮಾವ ಯಾವುದರಿಂದ ಬರಬೇಕು ಎಂಬುದೇ ಒಂದು ಗಳಿಗೆ ಚರ್ಚೆಯಾಯಿತು. ಕೊನೆಗೆ ಅವನನ್ನು ಅಡುಗೆಮನೆಯ ಕಡೆಯಿಂದ ಒಳಗೆ ಬಿಟ್ಟರು. ಒಂದು ಕಡೆ ಸರ್ಕಾರದ ಕಾರ್ಯದರ್ಶಿ, ಚೊಕ್ಕಟವಾಗಿ ಬಾಚಿದ ತಲೆ, ಸಾಲಾಗಿ ಇಟ್ಟ ಮೂರು ಪೆನ್ನು. ಇನ್ನೊಂದು ಕಡೆ ಮೇಲಿನವರ ಪ್ರತಿನಿಧಿ. ಹಿಂದೊಮ್ಮೆ ಭೂಮಾಪನ ಇಲಾಖೆಯಲ್ಲಿ ಸರ್ವೆಯರಾಗಿದ್ದವನಂತೆ, ದಪ್ಪ ಕನ್ನಡಕ, ಕೈಬೆರಳು ಮೇಜಿನ ಅಂಚನ್ನು ಸುಮ್ಮನೆ ಅಳೆಯುತ್ತಲೇ ಇತ್ತು.

"ಅಲ್ಲಿಗೆ ಹೋಗೋಕೆ ನಿಮಗೆ ಅನುಮತಿ ಕೊಟ್ಟವರು ಯಾರು?" ಎಂದು ಕಾರ್ಯದರ್ಶಿ ಕೇಳಿದ.

"ಯಾರೂ ಇಲ್ಲ ಸಾರ್."

"ಅನುಮತಿ ಇಲ್ಲದೆ ಏಳು ವರ್ಷ ಹೋದ್ರಾ?"

"ಬೇಡ ಅಂದವರೂ ಯಾರೂ ಇರಲಿಲ್ಲ ಸಾರ್."

ಸರ್ವೆಯರ್ ಮುಂದಕ್ಕೆ ಬಾಗಿದ. "ನಮ್ಮವರ ಜೊತೆ ಏನು ಮಾತಾಗಿತ್ತು?"

"ಮಾತೇ ಆಗಿಲ್ಲ. ಕೆಮ್ಮು ಕೇಳಿಸ್ತಿತ್ತು. ಎರಡು ವರ್ಷದಿಂದ ಅದೂ ಇಲ್ಲ. ಅವರು ಹುಷಾರಾಗಿದ್ದಾರಾ?" ಎಂದು ನಲ್ಲಿಮಾವ ಹೆಂಡತಿಯ ಮಾತು ಮರೆತು ಕೇಳಿಯೇಬಿಟ್ಟ. ಮೇಜಿನ ಅಂಚಿನ ಮೇಲೆ ಸರ್ವೆಯರ್‌ನ ಬೆರಳು ನಿಂತಿತು.

ಜಡ್ಜಮ್ಮ ನಕ್ಕರು. "ನೋಡಿ, ನಾವು ಇಲ್ಲಿ ಆರನೇ ಸುತ್ತಿನ ಮಾತುಕತೆಯಲ್ಲಿದ್ದೀವಿ. ಏನೂ ಹರಿದು ಬಂದಿಲ್ಲ."

"ನನ್ನ ವಾಲ್ವಿಗೆ ಹದಿನೇಳು ಸುತ್ತು ಬೇಕಮ್ಮಾ. ಆರಕ್ಕೇ ನಿಲ್ಲಿಸಿದ್ರೆ ಬರೀ ಗಾಳಿ ಬುಸುಗುಡುತ್ತೆ."

ಎರಡೂ ಕಡೆಯವರು ಒಂದೇ ಮಾತಿಗೆ ನಕ್ಕದ್ದು ಅಂದೇ ಮೊದಲಂತೆ. ಆ ನಗು ಆರುವ ಮೊದಲೇ ಜಡ್ಜಮ್ಮ ಒಂದು ಸಲಹೆ ಇಟ್ಟರು: ಹೇಗೂ ನಡೆದುಕೊಂಡು ಬಂದಿರುವ ಈ ನೀರಿನ ಏರ್ಪಾಡನ್ನೇ ಮೊದಲ ಒಪ್ಪಂದವಾಗಿ ಬರೆದು ಸಹಿ ಹಾಕೋಣ. ಸಣ್ಣದು, ಸುಲಭದ್ದು. ಎಲ್ಲರೂ ತಲೆಯಾಡಿಸಿದರು.

ಬರೆಯಲು ಕೂತಾಗ ಗೊತ್ತಾಯಿತು, ಅದು ಎಷ್ಟು ಸುಲಭವೆಂದು. ನೀರುಗಂಟಿಯನ್ನು ಸರ್ಕಾರ 'ಕಳುಹಿಸುತ್ತದೆ' ಎಂದರೆ ನಮ್ಮ ನೆಲಕ್ಕೆ ಸರ್ಕಾರಿ ನೌಕರ ಕಾಲಿಟ್ಟಂತಾಯಿತು ಎಂದ ಸರ್ವೆಯರ್. ಮೇಲಿನವರು 'ಅನುಮತಿಸುತ್ತಾರೆ' ಎಂದರೆ ಗುಡ್ಡ ಅವರದೆಂದು ಬರೆದುಕೊಟ್ಟಂತಾಯಿತು ಎಂದ ಕಾರ್ಯದರ್ಶಿ. ಐದು ದಿನಕ್ಕೆ ಎರಡು ಪುಟವಾಯಿತು. ಹೊತ್ತು ನಿಗದಿಯಾಯಿತು: ಬೆಳಿಗ್ಗೆ ಐದೂವರೆಯಿಂದ ಆರೂವರೆ, ಸಂಜೆಯೂ ಹಾಗೆಯೇ ಒಂದು ಗಂಟೆ. ಎರಡೂ ಕಡೆಯಿಂದ ಒಬ್ಬೊಬ್ಬ ವೀಕ್ಷಕ. ನೀರುಗಂಟಿಗೆ ಕಿತ್ತಳೆ ಬಣ್ಣದ ಜಾಕೆಟ್ಟು. ನೀರಿನ ಪಾಲು ಎಷ್ಟು ಎಂದು ಕೇಳಿದಾಗ ನಲ್ಲಿಮಾವ ಇದ್ದದ್ದನ್ನು ಇದ್ದಂತೆ ಹೇಳಿದ: ಊರಿನ ವಾಲ್ವು ಹದಿನೇಳು ಸುತ್ತು, ಹಳ್ಳಿಗಳದ್ದು ಹದಿಮೂರು.

"ನಮಗೆ ನಾಲ್ಕು ಸುತ್ತು ಕಡಿಮೆ! ಏಳು ವರ್ಷ ನಮಗೆ ಮೋಸ ಆಗಿದೆ!" ಎಂದು ಸರ್ವೆಯರ್ ಎದ್ದುನಿಂತ.

"ಮೋಸ ಅಲ್ಲ ಸ್ವಾಮಿ. ಆ ಕಡೆ ಇಳಿಜಾರು ಕಡಿದು, ಒತ್ತಡ ಜಾಸ್ತಿ. ಹದಿಮೂರಕ್ಕೇ ಕೊಡ ತುಂಬುತ್ತೆ."

ಇಳಿಜಾರಿನ ಮಾತನ್ನು ಸರ್ವೆಯರ್ ಸೇರಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ಕಾಲ ಯಾರೂ ಎಣಿಸಿರಲಿಲ್ಲ. ಎಣಿಸಿದ್ದೇ ತಡ, ಹೆಚ್ಚು ಕಡಿಮೆ ಹುಟ್ಟಿಕೊಂಡಿತು. ಕೊನೆಗೆ ಇಬ್ಬರಿಗೂ ಹದಿನೈದು ಎಂದು ಬರೆದು ಸಹಿ ಹಾಕಿದರು. ಕ್ಯಾಮೆರಾಗಳು ಮಿಂಚಿದವು. ಪತ್ರಿಕೆಯಲ್ಲಿ ನಲ್ಲಿಮಾವನ ಅರ್ಧ ಮುಖವೂ ಬಂತು. ಇನ್ನರ್ಧಕ್ಕೆ ಕಾರ್ಯದರ್ಶಿಯ ಭುಜ ಅಡ್ಡ ಬಂದಿತ್ತು.

ಒಪ್ಪಂದ ಜಾರಿಯಾದ ಮೊದಲ ಬೆಳಿಗ್ಗೆ ಅವನು ಕಿತ್ತಳೆ ಜಾಕೆಟ್ಟು ತೊಟ್ಟು ಹೊರಟ, ಹಿಂದೆ ಇಬ್ಬರು ವೀಕ್ಷಕರು. ಈಗ ಕಾಗದವಿದೆಯಲ್ಲ, ಬಡಿಯುವ ಅಗತ್ಯವಿಲ್ಲ ಎಂದು ಅವರು ಹೇಳಿದ್ದರು. ತಿರುವಿಗೆ ಬಂದಾಗ ಗುಂಡಿಯ ಹತ್ತಿರ ಯಾರು ಮೊದಲು ಹೆಜ್ಜೆ ಇಡಬೇಕು ಎಂದು ವೀಕ್ಷಕರಿಬ್ಬರಿಗೂ ವಾದ ಹತ್ತಿತು. ಮೊದಲು ಇಟ್ಟವನದ್ದೇ ಜಾಗ ಎಂದಾಗಿಬಿಟ್ಟರೆ? ಇಪ್ಪತ್ತೈದು ನಿಮಿಷ ಅಲ್ಲೇ ಹೋಯಿತು. ಆಮೇಲೆ ಪ್ರತಿ ಸುತ್ತನ್ನೂ ಇಬ್ಬರೂ ಗಟ್ಟಿಯಾಗಿ ಎಣಿಸಿದರು. ಒಬ್ಬನ ಎಣಿಕೆ ಹನ್ನೊಂದು, ಇನ್ನೊಬ್ಬನದ್ದು ಹತ್ತು. ಮತ್ತೆ ಮುಚ್ಚಿ ಮೊದಲಿನಿಂದ ಶುರುಮಾಡಿದರು. ಆರೂವರೆ ದಾಟಿ ನಾಲ್ಕು ನಿಮಿಷವಾಗಿತ್ತು.

ಗುಂಡು ಎಲ್ಲಿಂದ ಬಂತು ಎಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಅದು ಗುಂಡಿಯ ಅಂಚಿಗೆ ಬಡಿದು, ಕಾಂಕ್ರೀಟಿನ ಚೂರೊಂದು ನಲ್ಲಿಮಾವನ ಮುಂದೋಳನ್ನು ಸೀಳಿಕೊಂಡು ಹೋಯಿತು. ವೀಕ್ಷಕರು ಒಬ್ಬ ಮೇಲಕ್ಕೂ ಒಬ್ಬ ಕೆಳಕ್ಕೂ ಓಡಿದರು. ಅವನು ರಕ್ತ ಸುರಿಸುತ್ತ, ಮತ್ತೆ ಮುಚ್ಚಲು ಬರಲಾಗದಿದ್ದರೆ ಟ್ಯಾಂಕ್ ಬರಿದಾದೀತೆಂದು ತೆರೆದ ವಾಲ್ವನ್ನು ಹಾಗೇ ಬಿಡಲಾರದೆ, ಒಂದೇ ಕೈಯಲ್ಲಿ ಮುಚ್ಚಿ ಬಂದ.

ತೋಳಿಗೆ ಒಂಬತ್ತು ಹೊಲಿಗೆ. ನೀರು ಒಂಬತ್ತು ದಿನ ನಿಂತಿತು. ಒಪ್ಪಂದ ಮುರಿದವರು ನೀವು ಎಂದು ಇಬ್ಬರೂ ಒಬ್ಬರಿಗೊಬ್ಬರು ಪತ್ರ ಬರೆದರು. ಸಭಾಂಗಣಕ್ಕೆ ಬೀಗ ಬಿತ್ತು. ಊರಿನ ಜನ ಖಾಲಿ ಕೊಡ ಹಿಡಿದು ನದಿಗೆ ನಡೆಯುತ್ತ ಅವನ ಮನೆಯ ಕಡೆ ನೋಡಿ ಹೋಗುತ್ತಿದ್ದರು.

"ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯ್ತು. ಬಾಯಿ ಮುಚ್ಚಿಕೊಂಡು ಇದ್ದಿದ್ರೆ ಆಗ್ತಿತ್ತು" ಎಂದ ಅವನು.

"ಕರೆದ್ರು, ಹೋದ್ರಿ. ಕೇಳಿದ್ರು, ಹೇಳಿದ್ರಿ. ಅದರಲ್ಲಿ ನಿಮ್ಮ ತಪ್ಪೇನು?" ಎಂದಳು ಹೆಂಡತಿ. ಎಂದೂ ಅವನ ಪರ ವಹಿಸದವಳು ಅಂದು ವಹಿಸಿದ್ದಕ್ಕೆ ಅವನಿಗೆ ಇನ್ನಷ್ಟು ಕಸಿವಿಸಿಯಾಯಿತು.

ಆದರೆ ನೋವಿಗಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿದ್ದದ್ದು ಒಂದು ಯಾಕೆ. ಏಳು ವರ್ಷ ನಡೆದದ್ದು ಒಂದೇ ದಿನದಲ್ಲಿ ಯಾಕೆ ಮುರಿಯಿತು? ನೀರು ಅದೇ, ಗುಡ್ಡ ಅದೇ, ಬಂದೂಕು ಅವೇ. ಹೊಸದಾಗಿ ಬಂದದ್ದು ಕಾಗದ ಒಂದೇ. ಮಗಳು ಹೇಳಿದಳು: "ಅಪ್ಪಾ, ಲೆಕ್ಕ ತಪ್ಪಿದ್ರೆ ನಾವು ಮಕ್ಕಳಿಗೆ ಉತ್ತರ ನೋಡು ಅನ್ನಲ್ಲ, ಹಂತ ಹಂತವಾಗಿ ನೋಡು ಅಂತೀವಿ. ಹೋಗಿ ಕೇಳಿ."

ಅವನು ಹೋಗಿ ಕೇಳಿದ. ಗುಡ್ಡದ ಬುಡದ ಚೌಕಿಯಲ್ಲಿ ಐದು ವರ್ಷದಿಂದ ಅವನನ್ನು ನೋಡುತ್ತಿದ್ದ ಹವಾಲ್ದಾರನೊಬ್ಬನಿದ್ದ. ಇಬ್ಬರೂ ಅದುವರೆಗೆ ಕೈಯೆತ್ತಿದ್ದು ಬಿಟ್ಟರೆ ಮಾತಾಡಿರಲಿಲ್ಲ.

"ನಿನಗೆ ಆರ್ಡರ್ ಏನಿತ್ತಪ್ಪಾ ಆವತ್ತು?"

"ಆರೂವರೆ ಆದ್ಮೇಲೆ ಅಲ್ಲಿ ಯಾರೇ ಕಂಡ್ರೂ ಉಲ್ಲಂಘನೆ ಅಂತ ಇತ್ತು ನಲ್ಲಿಮಾವ. ನಾನಂತೂ ಹೊಡೆದಿಲ್ಲ, ನನ್ನ ಮಕ್ಕಳಾಣೆ. ಬೆರಳು ಮಾತ್ರ ಬಂದೂಕಿನ ಮೇಲೇ ಇತ್ತು."

"ಅದಕ್ಕೂ ಮೊದಲು ಏನು ಆರ್ಡರ್ ಇತ್ತು?"

ಹವಾಲ್ದಾರ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮೊದಲು ಆರ್ಡರೇ ಇರಲಿಲ್ಲವಲ್ಲ. ಸದ್ದು ಕೇಳ್ತಿತ್ತು, ನೀವು ಅಂತ ಗೊತ್ತಾಗ್ತಿತ್ತು, ನೋಡ್ತಾ ಕೂತಿರ್ತಿದ್ವಿ. ಒಂದಿನ ನೀವು ಎರಡು ಗಂಟೆ ಮಾಡಿದ್ರಿ, ನೆನಪಿದೆಯಾ? ನಾವು ಗಡಿಯಾರ ನೋಡ್ಲೇ ಇಲ್ಲ. ಮೊನ್ನೆ ನೋಡಿದ್ದೆಲ್ಲ ಗಡಿಯಾರನೇ, ನಿಮ್ಮನ್ನಲ್ಲ."

ಮರುದಿನವೇ ನಲ್ಲಿಮಾವ ಕಟ್ಟು ಹಾಕಿದ ತೋಳಿನೊಂದಿಗೆ ಬಸ್ಸು ಹತ್ತಿ ಜಡ್ಜಮ್ಮನ ಮುಂದೆ ನಿಂತ. ಅವರು ಬೀಗ ಬಿದ್ದ ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಬ್ಬರೇ ಫೈಲುಗಳ ನಡುವೆ ಕೂತಿದ್ದರು. ಹವಾಲ್ದಾರ ಹೇಳಿದ್ದನ್ನೆಲ್ಲ ಒಪ್ಪಿಸಿ ಅವನು ಹೇಳಿದ: "ಆ ಕಾಗದ ಹರಿದುಹಾಕಿಬಿಡಿ ಅಮ್ಮಾ. ನಾನು ಮೊದಲಿನ ಹಾಗೇ ಹೋಗ್ತೀನಿ."

"ಹೋಗಬಹುದು. ನಿಮಗೆಷ್ಟು ವಯಸ್ಸು?"

"ಐವತ್ತಾರು."

"ನಿಮ್ಮ ಕಾಲು ನಿಂತ ದಿನ ಆ ಊರಿಗೆ ಏನು ಗತಿ? ನಿಮ್ಮ ಬಡಿತ ಅವರಿಗೆ ಗೊತ್ತು, ಸರಿ. ನಿಮ್ಮ ನಂತರ ಬರೋನ ಬಡಿತ? ಒಬ್ಬ ಮನುಷ್ಯನ ಮೇಲೆ ನಿಂತದ್ದು ಆ ಮನುಷ್ಯನ ಜೊತೆಗೇ ಹೋಗುತ್ತೆ. ಅದಕ್ಕೇ ಕಣ್ರೀ ಬರೆಯೋದು."

ಅವರು ಹೇಳಿದ್ದೂ ಸರಿಯಾಗಿಯೇ ಇತ್ತು. ನಲ್ಲಿಮಾವ ಆ ಎರಡು ಪುಟವನ್ನು ತನ್ನ ಕಡೆ ಎಳೆದುಕೊಂಡು ಸಾಲು ಸಾಲಾಗಿ ಓದಿದ. ಕೊನೆಗೆ ಅವನು ಕೇಳಿದ: "ಯಾಕಮ್ಮಾ, ಇದರಲ್ಲಿ ಪ್ರತಿ ಸಾಲಲ್ಲೂ ಒಬ್ಬರು ಇನ್ನೊಬ್ಬರಿಗೆ ಏನೋ ಕೊಡ್ತಾರೆ, ಇಲ್ಲ ತಡೀತಾರೆ? ನನಗೆ ಅವರು ಏನೂ ಕೊಟ್ಟಿರಲಿಲ್ಲ. ತಮ್ಮ ಪಾಡಿಗೆ ತಾವು ಸುಮ್ಮನಿರ್ತಿದ್ರು, ಅಷ್ಟೇ."

ಜಡ್ಜಮ್ಮ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಹೊಸ ಹಾಳೆ ಎಳೆದುಕೊಂಡರು.

ಹೊಸದರಲ್ಲಿ ಒಂದೇ ಕಾಗದದ ಬದಲು ಎರಡು ಬೇರೆ ಬೇರೆ ಕಾಗದ. ಪ್ರತಿಯೊಬ್ಬರೂ ತಾವು ಏನು ಮಾಡುತ್ತೇವೆ ಎಂಬುದನ್ನು ಮಾತ್ರ ಬರೆಯಬೇಕು, ಎದುರಿನವರ ಸುದ್ದಿ ಎತ್ತುವಂತಿಲ್ಲ: 'ಕೊಳವೆಯ ಮೇಲೆ ಬಡಿತ ಕೇಳಿದಾಗಿನಿಂದ, ಬಡಿಯುತ್ತ ಇಳಿದುಹೋಗುವವರೆಗೆ, ನಾವು ಗುಂಡು ಹಾರಿಸುವುದಿಲ್ಲ.' ನೆಲ ಯಾರದು ಎಂಬ ಮಾತಿಲ್ಲ, ಗಡಿಯಾರವಿಲ್ಲ, ಸುತ್ತಿನ ಎಣಿಕೆ ನೀರುಗಂಟಿಯ ಕೈಗೆ ಬಿಟ್ಟದ್ದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಜಡ್ಜಮ್ಮ ತಮ್ಮದೊಂದು ಸಾಲು ಸೇರಿಸಿದರು: ನೀರುಗಂಟಿ ಇನ್ನಿಬ್ಬರಿಗೆ ಕೆಲಸ ಕಲಿಸಬೇಕು, ಒಬ್ಬರು ಗುಡ್ಡದವರು, ಒಬ್ಬರು ಊರಿನವರು.

ಜಡ್ಜಮ್ಮ ಸಭಾಂಗಣದ ಬೀಗ ತೆಗೆಸಿ ಎರಡೂ ಕಡೆಯವರನ್ನು ಮತ್ತೆ ಕರೆಸಿದರು. ಇದಕ್ಕೂ ಸುಮ್ಮನೆ ಒಪ್ಪಿಗೆ ಸಿಗಲಿಲ್ಲ. "ಬಡಿತ ಅನ್ನೋದು ಕಾನೂನಿನ ಪದ ಅಲ್ಲ" ಎಂದ ಕಾರ್ಯದರ್ಶಿ. "ನೀರುಗಂಟಿ ಹೆಸರಲ್ಲಿ ಸೈನಿಕ ಬಡಿದುಕೊಂಡು ಬಂದ್ರೆ?" ಎಂದ ಸರ್ವೆಯರ್. ಅದು ಸುಳ್ಳು ಭಯವೇನಲ್ಲ ಎಂದು ನಲ್ಲಿಮಾವನೂ ಒಪ್ಪಿದ. ಹನ್ನೊಂದು ದಿನ ಎಳೆದಾಡಿ, ಕೊನೆಗೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಸಹಿ ಹಾಕಿದರು. ಅಷ್ಟು ದಿನವೂ ಅವನು ಯಾರನ್ನೂ ಕಾಯದೆ ಹಳೆಯ ಅಂಗಿಯಲ್ಲೇ, ಎಡಗೈಯಲ್ಲಿ ಬಡಿಯುತ್ತ, ನೀರು ಬಿಟ್ಟು ಬರುತ್ತಿದ್ದ. ಸಭಾಂಗಣದಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ.

ಕಲಿಯಲು ಬಂದವರು ಗುಡ್ಡದ ಹಳ್ಳಿಯ ಒಬ್ಬ ವಿಧವೆ, ಊರಿನ ಒಬ್ಬ ಮಾಜಿ ಲಾರಿ ಚಾಲಕ. ಅವಳ ಗಂಡ ಸತ್ತದ್ದು ಕೆಳಗಿನವರ ಗುಂಡೇಟಿಗೆ. ಚಾಲಕನ ತಮ್ಮ ಸತ್ತದ್ದು ಮೇಲಿನವರ ಬಾಂಬಿಗೆ. ಮೊದಲ ತಿಂಗಳು ಇಬ್ಬರೂ ನಲ್ಲಿಮಾವನ ಮೂಲಕವೇ ಮಾತಾಡಿದರು. "ಮಾವ, ಅವರಿಗೆ ಗ್ರೀಸ್ ಡಬ್ಬಿ ಈ ಕಡೆ ಕೊಡೋಕೆ ಹೇಳಿ." ಎರಡನೆಯ ತಿಂಗಳು ಒಂದು ವಾಷರು ಕಳೆದುಹೋಗಿ ನೇರವಾಗಿ ಬೈದಾಡಿಕೊಂಡರು. ಅವನಿಗೆ ಸಮಾಧಾನವಾದದ್ದು ಅಂದು. ಅವರಿಬ್ಬರೂ ಸ್ನೇಹಿತರೇನೂ ಆಗಲಿಲ್ಲ. ಕೆಲಸ ಕಲಿತರು.

ದೊಡ್ಡ ಸಂಧಾನ ಇನ್ನೂ ಮೂರು ವರ್ಷ ತೆಗೆದುಕೊಂಡಿತು. ಎರಡು ಸಲ ಮುರಿದುಬಿತ್ತು, ಒಂದು ಸಲ ಏಳು ತಿಂಗಳು. ಆ ಏಳು ತಿಂಗಳಲ್ಲಿ ಗುಡ್ಡದ ಆಚೆ ಬದಿಯಲ್ಲಿ ಬಹಳ ಜನ ಸತ್ತರು. ನೀರು ನಿಲ್ಲಲಿಲ್ಲ ಎಂದು ಯಾರಾದರೂ ಹೊಗಳಿದರೆ ನಲ್ಲಿಮಾವ ತಲೆ ತಗ್ಗಿಸುತ್ತಿದ್ದ. ಎರಡು ಹೊತ್ತು ಸುಮ್ಮನಿರಬಲ್ಲವರು ಉಳಿದ ಹೊತ್ತು ಯಾಕೆ ಸುಮ್ಮನಿರಲಾರರು ಎಂಬುದು ಅವನಿಗೆ ಬಗೆಹರಿಯಲೇ ಇಲ್ಲ. ಜಡ್ಜಮ್ಮನನ್ನು ಕೇಳಿದ. "ನಾನೂ ಅದನ್ನೇ ಹುಡುಕ್ತಿದ್ದೀನಿ" ಎಂದರು ಅವರು.

ಅಂತೂ ಕೊನೆಯ ಒಪ್ಪಂದಕ್ಕೆ ದಿನ ಗೊತ್ತಾಯಿತು. ನೂರಾ ನಲವತ್ತು ಪುಟ. ಅದರಲ್ಲಿ 'ನಾವು' ಎಂದು ಶುರುವಾಗುವ ಸಾಲುಗಳು ಬಹಳ ಇವೆಯೆಂದು ಮಗಳು ಪತ್ರಿಕೆ ನೋಡಿ ಹೇಳಿದಳು. ನಲ್ಲಿಮಾವನಿಗೂ ಆಮಂತ್ರಣ ಬಂತು. ಆದರೆ ಅಂದು ಬೆಳಿಗ್ಗೆ ಕೆಳಗಿನ ಬೀದಿಯಲ್ಲಿ ಮುಖ್ಯ ಕೊಳವೆ ಒಡೆದು ಮೂರು ಮನೆಗಳಿಗೆ ನೀರು ನುಗ್ಗಿತು. ವಿಧವೆ ಮೇಲೆ ವಾಲ್ವು ಮುಚ್ಚಲು ಓಡಿದಳು, ಚಾಲಕ ಪಂಪು ನಿಲ್ಲಿಸಲು ಓಡಿದ. ನಲ್ಲಿಮಾವ ಇಸ್ತ್ರಿಯ ಅಂಗಿ ಕಳಚಿಟ್ಟು, ಮಣ್ಣು ಅಗೆದು ಹಳ್ಳಕ್ಕಿಳಿದ.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಾಗ ಅವನು ಸೊಂಟದವರೆಗೆ ಕೆಸರಿನಲ್ಲಿದ್ದ, ಬೋಲ್ಟು ಬಿಗಿಯುತ್ತಿದ್ದ. ಅವಳು ಹಳ್ಳದ ಅಂಚಿನಲ್ಲಿ ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತಳು.

"ಸಹಿ ಆಯ್ತಂತೆ ರೀ. ರೇಡಿಯೋದಲ್ಲಿ ಹೇಳಿದ್ರು."

ಅವನು ಕೈ ನಿಲ್ಲಿಸಿ ಮೇಲೆ ನೋಡಿದ. ಮುಖದ ತುಂಬ ಕೆಸರು, ಅದರ ನಡುವೆ ಕಣ್ಣು ಅಗಲವಾದವು.

"ಹೌದಾ! ಮೊದಲು ಯಾರು ಹಾಕಿದ್ರಂತೆ?"

"ಅದನ್ನ ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?" ಎಂದು ಅವನು ಕೇಳಿದ. ಅವಳು ಡಬ್ಬಿಯ ಮುಚ್ಚಳ ತೆಗೆದು, ಕೈ ತೊಳೆಯಲು ಅವನ ಕಡೆ ನೀರಿನ ಚೊಂಬು ಚಾಚಿದಳು.